ಕಾಗೆಗಲ್ಲಿನ ಪರದೆ

ಹೊಳೆ ಕಡಲಿಗೆ ಸೇರುವಲ್ಲಿ ಒಂದು ಸಣ್ಣ ಆಶ್ರಮ. ಮಣ್ಣಿನ ಗೋಡೆ, ತೆಂಗಿನ ಮಡಲಿನ ಮಾಡು. ಅಲ್ಲಿನ ಗುರು ದೇವಮ್ಮ, ಎಪ್ಪತ್ತು ದಾಟಿದವರು. ಶಿಷ್ಯರು ಏಳೆಂಟು ಮಂದಿ. ಎಲ್ಲರೂ ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದರು.

ಆ ಏಳೆಂಟು ಮಂದಿಯಲ್ಲಿ ಶ್ರೀಪಾದ ಒಬ್ಬ. ಕೂತಲ್ಲಿ ಕೂರುವ ಪ್ರಾಣಿಯಲ್ಲ. ಧ್ಯಾನಕ್ಕೆ ಕೂತರೂ ನಡುವೆ ಎದ್ದು ಚಾಪೆ ಬದಲಿಸುತ್ತಿದ್ದ. ಆದರೆ ಮಾತು? ಅಬ್ಬಬ್ಬಾ! ಅವನು ಬಾಯಿ ತೆರೆದರೆ ಜನ ಕಣ್ಣು ಮಿಟುಕಿಸುವುದನ್ನೂ ಮರೆತು ಕೇಳುತ್ತಿದ್ದರು.

ನವರಾತ್ರಿಯಲ್ಲಿ ಬಂದರಪೇಟೆಗೆ ಹೋಗಿ ಮೂರು ದಿನ ಪ್ರವಚನ ಮಾಡಿ ಬಂದ. ಪೇಟೆಯವರು ಮರುಳಾಗಿಬಿಟ್ಟರು. ಅಲ್ಲೊಂದು ಮಠ, ಅದರ ಪೀಠ ಎರಡು ವರ್ಷದಿಂದ ಖಾಲಿ. ಇನ್ನು ಬೇರೆಯವರನ್ನು ಹುಡುಕುವುದೇ ಬೇಡ, ನೀವೇ ಬಂದು ಕೂರಬೇಕು ಅಂತ ಗಂಟುಬಿದ್ದರು.

ಗುರುವಿನ ಅಪ್ಪಣೆ ಇಲ್ಲದೆ ಶಿಷ್ಯ ಪೀಠ ಹತ್ತುವಂತಿಲ್ಲ. ಅಮ್ಮ ಹೂಂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ.

ಶ್ರೀಪಾದ ಒದ್ದಾಡಿಹೋದ. ಉಂಡದ್ದು ಮೈಗೆ ಹತ್ತಲಿಲ್ಲ. ದಿನಕ್ಕೆ ನಾಲ್ಕು ಸಲ ಅಮ್ಮನ ಬಾಗಿಲ ಮುಂದೆ ಹೋಗಿ ನಿಲ್ಲುವುದು, ಕೆಮ್ಮುವುದು, ವಾಪಸು ಬರುವುದು. ನೋಡುವವರಿಗೆ ನಗು ಬರುತ್ತಿತ್ತು. ಅವನಿಗೆ ಮಾತ್ರ ಜೀವ ಹೋಗುತ್ತಿತ್ತು, ಪಾಪ.

ಒಂದು ಶನಿವಾರ ಪೇಟೆಯಿಂದ ಗಜಾನನ ಶಾನಭಾಗರು ಹೆಂಡತಿ ಸಮೇತ ಬಂದೇಬಿಟ್ಟರು. ಮಠದ ಸಮಿತಿಗೆ ಅವರೇ ಮುಖ್ಯಸ್ಥರು.

"ಸೋಮವಾರ ಒಳ್ಳೆ ಮುಹೂರ್ತ ಉಂಟು ಅಮ್ಮ. ಪೀಠಕ್ಕೆ ಹೊಸ ರೇಷ್ಮೆ ಹೊದಿಸಿ ಆಯ್ತು. ನಿಮ್ಮದೊಂದು ಮಾತು ಬಾಕಿ."

ಅಮ್ಮ ಜಗಲಿಯಿಂದ ಕಡಲಿನ ಕಡೆ ನೋಡುತ್ತ ಕೂತಿದ್ದರು. ದೂರದಲ್ಲಿ ಕಾಗೆಗಲ್ಲು ದ್ವೀಪ. ಅದರ ನೆತ್ತಿಯಲ್ಲಿ ಬಿಳಿಯ ಲೈಟ್‌ಹೌಸು.

"ಮೂವತ್ತು ವರ್ಷದಿಂದ ಇಲ್ಲಿ ಕೂತು ಆ ದೀಪ ನೋಡ್ತಿದ್ದೇನೆ ಶಾನಭಾಗರೇ. ಹತ್ತಿರ ಹೋಗಿ ನೋಡಿದ್ದೇ ಇಲ್ಲ. ಇವತ್ತು ಕಡಲು ಸುಮ್ಮನಿದೆ. ಹೋಗಿ ಬರುವ, ನೀವೂ ಬನ್ನಿ."

"ಅದು ಸರಿ, ಅಪ್ಪಣೆಯ ವಿಷಯ?"

"ಹೋಗಿ ಬಂದ ಮೇಲೆ ಹೇಳ್ತೇನೆ."

ಶ್ರೀಪಾದ ಹಲ್ಲು ಕಚ್ಚಿಕೊಂಡ. ಆದರೂ ಓಡಿಹೋಗಿ ದೋಣಿ ಗೊತ್ತುಮಾಡಿಕೊಂಡು ಬಂದ. ಬೇಗ ಹೋದರೆ ಬೇಗ ಬರಬಹುದಲ್ಲ.

ಊಟ ಮುಗಿಸಿ ಹೊರಟರು. ದೋಣಿಯಲ್ಲಿ ಅವನು ಮೂರು ಸಲ ಜಾಗ ಬದಲಿಸಿದ. ನಾಲ್ಕನೇ ಸಲ ಎದ್ದಾಗ ದೋಣಿಯವನು ಗದರಿದ. "ಕೂತ್ಕೊಳ್ಳಿ ಮಾರಾಯ್ರೇ, ಎಲ್ಲರನ್ನೂ ನೀರಿಗೆ ಹಾಕ್ತೀರಾ?"

ಶ್ರೀಪಾದ ಅಮ್ಮನ ಪಕ್ಕದಲ್ಲಿ ಕುಸಿದು ಕೂತ. ದನಿ ತಗ್ಗಿಸಿ ಕೇಳಿದ.

"ಅಮ್ಮ, ನಾನು ಇನ್ನೂ ಸಿದ್ಧನಾಗಿಲ್ಲವಾ? ಅದನ್ನಾದರೂ ಹೇಳಿ."

"ನಿನಗೆ ಏನನ್ನಿಸ್ತದೆ?"

"ಪೇಟೆಯವರೆಲ್ಲ ಸಿದ್ಧನಾಗಿದ್ದೇನೆ ಅಂತಾರೆ."

"ನಾನು ಪೇಟೆಯವರನ್ನು ಕೇಳಲಿಲ್ಲವಲ್ಲ."

ಅವನ ಮುಖ ಸಪ್ಪಗಾಯಿತು. ಆಮೇಲೆ ದ್ವೀಪ ಬರುವ ತನಕ ಉಗುರು ಕಚ್ಚುತ್ತ ಕೂತ.

ಕಾಗೆಗಲ್ಲು ಎಂದರೆ ಬರೀ ಬಂಡೆ. ನಡುವೆ ನಾಲ್ಕು ಮುಳ್ಳುಪೊದೆ. ಲೈಟ್‌ಹೌಸು ಮಾತ್ರ ಗಟ್ಟಿ ಆಳು. ಬ್ರಿಟಿಷರ ಕಾಲದಲ್ಲಿ, ನೂರೈವತ್ತು ವರ್ಷದ ಹಿಂದೆ ಕಟ್ಟಿದ್ದು. ಕಗ್ಗಲ್ಲಿನ ಗೋಡೆ, ಒಂದು ಆಳು ಮಲಗುವಷ್ಟು ದಪ್ಪ. ಅದನ್ನು ನೋಡಿಕೊಳ್ಳುವವರು ಬೊಮ್ಮಯ್ಯ. ಇಪ್ಪತ್ತನಾಲ್ಕು ವರ್ಷದಿಂದ ಅದೇ ಕೆಲಸ. ಸಣಕಲು ಮೈ, ದೊಡ್ಡ ಗಂಟಲು.

"ಬನ್ನಿ ಅಮ್ಮ, ಬನ್ನಿ. ಇಲ್ಲಿಗೆ ಜನ ಬರುವುದೇ ಅಪರೂಪ. ಮೆಟ್ಟಿಲು ನೂರ ಅರವತ್ತೆಂಟು, ಹೇಳಿಬಿಡ್ತೇನೆ, ಆಮೇಲೆ ಬಯ್ಯಬೇಡಿ."

"ಹತ್ತುವ. ಇಳಿಯುವ ಚಿಂತೆ ಆಮೇಲೆ," ಎಂದರು ಅಮ್ಮ.

"ಮೇಲೆ ಎಲ್ಲ ನೋಡಿ, ಏನು ಬೇಕಾದರೂ ಕೇಳಿ. ಒಂದೇ ಮಾತು. ದೀಪದ ಕೋಣೆಯ ಸುತ್ತ ಪರದೆ ಎಳೆದಿದ್ದೇನೆ. ಅದನ್ನು ಮಾತ್ರ ಯಾರೂ ಮುಟ್ಟಬಾರದು. ಯಾಕೆಂದರೆ..."

"ಆಯ್ತು ಆಯ್ತು," ಎಂದು ಶ್ರೀಪಾದ ಆಗಲೇ ಹತ್ತನೇ ಮೆಟ್ಟಿಲಲ್ಲಿದ್ದ. ಅವನ ಹಿಂದೆ ಏದುಸಿರು ಬಿಡುತ್ತ ಶಾನಭಾಗರು, ಅವರ ಹಿಂದೆ ಅವರ ಹೆಂಡತಿ.

ಬೊಮ್ಮಯ್ಯ ಬಾಯಿ ತೆರೆದವರು ಹಾಗೇ ನಿಂತರು.

"ನನಗೆ ಹೇಳು, ನಾನು ಕೇಳ್ತೇನೆ," ಎಂದು ಅಮ್ಮ ಅವರ ತೋಳು ಹಿಡಿದು ಮೊದಲ ಮೆಟ್ಟಿಲು ಹತ್ತಿದರು.

ಮೇಲೆ ದೀಪದ ಕೋಣೆ ಗುಂಡಗಿತ್ತು. ಸುತ್ತಲೂ ಗಾಜಿನ ಗೋಡೆ, ಅದಕ್ಕೆ ದಪ್ಪ ಖಾಕಿ ಪರದೆ. ನಡುವೆ ಆಳೆತ್ತರದ ದೊಡ್ಡ ಗಾಜಿನ ಗೂಡು. ಬಳೆ ಬಳೆ ಜೋಡಿಸಿದ ಹಾಗೆ ಗಾಜಿನ ಸುತ್ತುಗಳು. ಅದರೊಳಗೆ ಕಬ್ಬಿಣದ ಒಂದು ಕಂಬ, ಕಂಬದ ತುದಿಗೆ ಮುಷ್ಟಿಯಷ್ಟು ಬಲ್ಬು.

"ಇಷ್ಟೇನಾ?" ಎಂದರು ಶಾನಭಾಗರು. "ಇಷ್ಟು ಮೆಟ್ಟಿಲು ಹತ್ತಿ ಬಂದದ್ದು ಕತ್ತಲೆ ನೋಡಲಿಕ್ಕಾ?"

ಅವರ ಹೆಂಡತಿ ಮಾತ್ರ ಶ್ರೀಪಾದನಿಗೆ ಕೈಮುಗಿದರು. "ಗುರುಗಳೇ, ಇಂಥ ಜಾಗಕ್ಕೆ ನಿಮ್ಮ ಜೊತೆ ಬರುವ ಪುಣ್ಯ ಯಾರಿಗುಂಟು? ನಾಲ್ಕು ಮಾತು ಹೇಳಿ."

ಗುರುಗಳೇ! ಆಶ್ರಮದಲ್ಲಿ ಅವನನ್ನು ಹಾಗೆ ಕರೆಯುವವರು ಯಾರು? ಅಲ್ಲಿ ಅವನು ಬರೀ "ಏ ಶ್ರೀಪಾದ, ಕೊಡಪಾನ ತುಂಬಿಸೋ". ಶ್ರೀಪಾದನ ಬೆನ್ನು ತಾನಾಗಿ ನೆಟ್ಟಗಾಯಿತು.

ಅವನು ಶುರುಮಾಡಿದ. ಬೆಳಕು ಎಂದರೇನು, ಕತ್ತಲೆ ಎಂದರೇನು, ಜೀವ ಎಂಬ ದೋಣಿಗೆ ಗುರುವೇ ಹೇಗೆ ದಾರಿ ತೋರುವ ದೀಪ. ಮಾತು ಸರಾಗವಾಗಿ ಹರಿಯಿತು. ಶಾನಭಾಗರು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು.

"ಮೈ ಜುಂ ಅಂತದೆ ಸ್ವಾಮಿ. ನಿಮ್ಮ ಹಾಗೆ ಹೇಳುವವರು ಈ ಕರಾವಳಿಯಲ್ಲೇ ಇಲ್ಲ," ಎಂದು ಬಗ್ಗಿ ಅವನ ಕಾಲು ಮುಟ್ಟಿದರು.

ಶ್ರೀಪಾದನಿಗೆ ನೆಲ ಕಾಣಲಿಲ್ಲ. ಇಂಥ ಮಾತನ್ನು ಈ ಮಬ್ಬಿನಲ್ಲಿ ನಿಂತು ಹೇಳುವುದೇ? ಧೂಳು ಬೀಳಬಾರದು ಅಂತ ಬೊಮ್ಮಯ್ಯ ಪರದೆ ಹಾಕಿರಬೇಕು. ಐದು ನಿಮಿಷಕ್ಕೆ ಎಂಥ ಧೂಳು!

"ನೋಡಿ, ಬೆಳಕು ಅಂದರೆ ಏನು ಅಂತ ತೋರಿಸ್ತೇನೆ," ಎಂದು ಪಡುವಣ ದಿಕ್ಕಿನ ಪರದೆಯನ್ನು ಸರ್ರನೆ ಸರಿಸಿದ.

ಇಳಿಹೊತ್ತಿನ ಬಿಸಿಲು ನುಗ್ಗಿತು. ಗಾಜಿನ ಗೂಡು ಝಗ್ಗೆಂದಿತು. ಗೋಡೆ, ಚಾವಣಿ, ಶಾನಭಾಗರ ಬೋಳುತಲೆ, ಎಲ್ಲದರ ಮೇಲೂ ಕಾಮನಬಿಲ್ಲಿನ ಬಣ್ಣ ಚೆಲ್ಲಿತು.

"ಅಯ್ಯೋ ದೇವರೇ!" ಎಂದರು ಗಂಡ ಹೆಂಡತಿ ಒಟ್ಟಿಗೆ.

ಅವರ ಕಣ್ಣರಳಿದ್ದು ಕಂಡು ಶ್ರೀಪಾದನ ಮಾತಿಗೆ ಇನ್ನಷ್ಟು ಕಸುವು ಬಂತು. ಗಾಜಿನ ಗೂಡಿಗೆ ಬೆನ್ನು ಕೊಟ್ಟು ನಿಂತು, ಎರಡೂ ಕೈ ಎತ್ತಿ ಹೇಳುತ್ತಲೇ ಹೋದ.

"ಗುರುಗಳೇ, ಏನೋ ಸುಟ್ಟ ವಾಸನೆ," ಎಂದರು ಶಾನಭಾಗರ ಹೆಂಡತಿ.

"ಕೆಳಗೆ ಅಡುಗೆ ಇರಬೇಕು," ಎಂದು ಶ್ರೀಪಾದ ಮುಂದುವರಿಸಿದ.

"ಅಲ್ಲ ಗುರುಗಳೇ, ನಿಮ್ಮ ಹಿಂದೆ..."

ತಿರುಗಿ ನೋಡಿದ. ಗೂಡಿನೊಳಗೆ ಬಲ್ಬಿನ ಕೆಳಗೆ ಕಣ್ಣು ಕೋರೈಸುವ ಒಂದು ಬಿಳಿಯ ಚುಕ್ಕೆ. ಅಲ್ಲಿಂದ ಕಪ್ಪು ಹೊಗೆ. ವೈರುಗಳು ಕರಗಿ ತೊಟ್ಟಿಕ್ಕುತ್ತಿದ್ದವು. ನೋಡುತ್ತಿದ್ದಂತೆಯೇ ಭುಗ್ಗೆಂದು ಬೆಂಕಿ ಎದ್ದಿತು.

ಅಷ್ಟು ಮಾತಾಡುವವನು ಎತ್ತಿದ ಕೈ ಎತ್ತಿದ ಹಾಗೇ ನಿಂತುಬಿಟ್ಟ.

ಕೊನೆಯ ಮೆಟ್ಟಿಲಲ್ಲಿದ್ದ ಬೊಮ್ಮಯ್ಯ ಹೊಗೆ ಕಂಡವರೇ ಹಾರಿ ಬಂದರು. ಪರದೆ ಎಳೆದರು, ಮೇನ್ ಸ್ವಿಚ್ ಆರಿಸಿದರು, ಮರಳಿನ ಬಕೆಟ್ ತಂದು ಗೂಡಿನೊಳಗೆ ಸುರಿದರು. ಬೆಂಕಿ ಆರಿತು. ಬಲ್ಬು ಟಪ್ಪೆಂದು ಒಡೆಯಿತು.

"ಯಾರು ತೆಗೆದದ್ದು?" ಬೊಮ್ಮಯ್ಯನ ದನಿಗೆ ಗಾಜು ಅದುರಿತು.

"ನಾವು ಕೈ ಕೂಡ ಹಚ್ಚಲಿಲ್ಲಪ್ಪ. ಗುರುಗಳೇ..." ಎಂದು ಶಾನಭಾಗರು ಎರಡು ಹೆಜ್ಜೆ ಹಿಂದೆ ಸರಿದರು.

"ಎಂಥ ಗುರುಗಳು! ಬೇಡ ಅಂದರೆ ಬೇಡ ಅಂತ ತಿಳಿಯುವುದಿಲ್ಲವಾ? ಯಾಕೆ ಅಂತ ಹೇಳಲಿಕ್ಕೆ ಬಂದರೆ ನಿಲ್ಲುವಷ್ಟು ಪುರುಸೊತ್ತಿಲ್ಲವಾ? ರಾತ್ರಿ ಒಳಗಿನ ದೀಪವನ್ನು ಇಪ್ಪತ್ತು ಮೈಲಿ ಹೊರಗೆ ಕಳಿಸುವುದು ಈ ಗಾಜು. ಹಗಲು ಪರದೆ ತೆಗೆದರೆ ಹೊರಗಿನ ಬಿಸಿಲನ್ನೆಲ್ಲ ಎಳೆದು ತಂದು ಒಳಗಿನ ದೀಪವನ್ನೇ ಸುಡುವುದೂ ಇದೇ ಗಾಜು. ಇದಕ್ಕೇನು, ಬೆಳಕು ಯಾವ ಕಡೆಯಿಂದ ಬಂತು ಅಂತ ಗೊತ್ತಾಗ್ತದಾ? ನೂರೈವತ್ತು ವರ್ಷದಿಂದ ದಿನಾ ಬೆಳಿಗ್ಗೆ ಇಲ್ಲಿ ಪರದೆ ಎಳೀತಾರೆ. ಒಂದು ದಿನ ತಪ್ಪಲಿಲ್ಲ. ಇವತ್ತು ನೀವು ಬಂದಿರಿ!"

ಶ್ರೀಪಾದ ತಲೆ ತಗ್ಗಿಸಿ ನಿಂತಿದ್ದ. ಕಿವಿ ಕೆಂಪಾಗಿತ್ತು.

ಅಷ್ಟರಲ್ಲಿ ಅಮ್ಮ ಮೇಲೆ ಬಂದು, ಗೋಡೆ ಹಿಡಿದು, ಉಸಿರು ಸುಧಾರಿಸಿಕೊಂಡರು. ಹೊಗೆ ನೋಡಿದರು. ಶಿಷ್ಯನನ್ನು ನೋಡಿದರು.

"ಮೆಟ್ಟಿಲ ತನಕ ನಿನ್ನ ದನಿ ಕೇಳ್ತಾ ಇತ್ತು. ಇವರಿಗೆ ಏನು ಹೇಳ್ತಿದ್ದೆ?"

"ಬೆಳಕಿನ ವಿಷಯ," ಎಂದ.

"ಸರಿ. ನಿಲ್ಲಿಸಿದ್ದು ಯಾಕೆ? ಮುಗಿಸು."

ಶ್ರೀಪಾದ ಬಾಯಿ ತೆರೆದ. ಅಮ್ಮ ಕಾದರು. ಶಾನಭಾಗರೂ ಕಾದರು. ಮರಳಿನ ಬಕೆಟ್ ಹಿಡಿದುಕೊಂಡು ಬೊಮ್ಮಯ್ಯನೂ ಕಾದರು. ಅವನ ಕಣ್ಣಿನಿಂದ ಎರಡು ಹನಿ ನೀರು ಬಂತೇ ಹೊರತು ಒಂದು ಮಾತು ಬರಲಿಲ್ಲ.

ಬೊಮ್ಮಯ್ಯನಿಗೆ ಬೇರೆ ಚಿಂತೆ. "ಅರವತ್ತು ದೋಣಿ ಹೊರಗಿವೆ ಅಮ್ಮ. ಈ ದೀಪ ಕಂಡರೆ ಮಾತ್ರ ಅವರು ಬಂಡೆ ತಪ್ಪಿಸಿ ಒಳಗೆ ಬರುವುದು. ದೀಪದ ವೈರು ಪೂರಾ ಹೋಯ್ತು. ಹೊಸದು ದಡದಿಂದ ಬರಬೇಕಾದರೆ ನಾಳೆ ಮಧ್ಯಾಹ್ನ. ಗಾಜು ತಿರುಗಿಸುವ ಮೋಟಾರಿನ ವೈರು ಬೇರೆ, ಅದೊಂದು ಉಳಿದದ್ದು ಪುಣ್ಯ."

"ಈಗ ಏನು ದಾರಿ?"

"ಹಳೇ ಕಾಲದ ಪೆಟ್ರೋಮ್ಯಾಕ್ಸ್ ಒಂದುಂಟು ಉಗ್ರಾಣದಲ್ಲಿ. ಒಳಗಿಟ್ಟರೆ ಆಯ್ತು. ಸಣ್ಣ ದೀಪವಾದರೂ ಗಾಜು ಅದನ್ನು ದೂರ ಒಯ್ಯುತ್ತದೆ. ಆದರೆ ಅದಕ್ಕೆ ಪಂಪು ಒತ್ತಿ ಗಾಳಿ ಹಾಕುತ್ತಾ ಇರಬೇಕು. ಬುಡದಲ್ಲಿ ಒಬ್ಬ ಕೂತೇ ಇರಬೇಕು."

ಅಮ್ಮ ಶ್ರೀಪಾದನ ಕಡೆ ಕೈ ತೋರಿಸಿದರು. "ಇವನು ಕೂರ್ತಾನೆ."

"ಇವರಾ?" ಬೊಮ್ಮಯ್ಯ ಮೇಲಿಂದ ಕೆಳಗೆ ನೋಡಿದರು. "ಇವರು ಕೂರುವ ಆಸಾಮಿ ಅಲ್ಲ ಅಮ್ಮ."

"ಕೂರ್ತೇನೆ," ಎಂದ ಶ್ರೀಪಾದ.

ಐದು ಗಂಟೆಗೆ ದೋಣಿಯವನು ಕೆಳಗಿನಿಂದ ಕೂಗು ಹಾಕಿದ. ಶಾನಭಾಗರು ಹೊರಡುವ ಮುಂಚೆ ಶ್ರೀಪಾದನನ್ನು ಮೂಲೆಗೆ ಕರೆದರು.

"ಇಷ್ಟಕ್ಕೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಸ್ವಾಮಿ. ದೊಡ್ಡವರಿಗೆ ಹೀಗೆಲ್ಲ ಆಗ್ತದೆ. ಪೇಟೆಯಲ್ಲಿ ಒಂದು ಮಾತು ಹೊರಗೆ ಬರದ ಹಾಗೆ ನಾನು ನೋಡಿಕೊಳ್ತೇನೆ. ಸೋಮವಾರ ಬೆಳಿಗ್ಗೆ ಜೀಪು ತರ್ತೇವೆ. ಅಷ್ಟರೊಳಗೆ ಅಮ್ಮನ ಬಾಯಿಂದ ಹೂಂ ಅನ್ನಿಸಿಬಿಡಿ. ನಿಮ್ಮನ್ನು ಬಿಟ್ಟರೆ ನಮಗೆ ಗತಿ ಇಲ್ಲ."

ದೊಡ್ಡವರು ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಶ್ರೀಪಾದನಿಗೆ ಹಾಯೆನಿಸಿತು. ಹಾಯೆನಿಸಿತಲ್ಲ ಅಂತ ಮರುಗಳಿಗೆಗೆ ಅಸಹ್ಯವೂ ಆಯಿತು. ಇವರ ಜೊತೆ ಈಗಲೇ ದೋಣಿ ಹತ್ತಿಬಿಡಲೇ ಎಂದೂ ಅನ್ನಿಸಿತು. ಎಲ್ಲವೂ ಒಂದೇ ಉಸಿರಿನಲ್ಲಿ.

ಅವರು ಹೋದರು. ಅಮ್ಮ ಇಳಿಯಲಿಲ್ಲ. "ಹತ್ತಿದ್ದಕ್ಕೇ ಮಂಡಿ ಬಿಟ್ಟುಹೋಗಿದೆ," ಎಂದು ಅಲ್ಲೇ ಒಂದು ಸ್ಟೂಲಿನ ಮೇಲೆ ಕೂತರು.

ಸೂರ್ಯ ಮುಳುಗಲು ಇನ್ನು ಒಂದು ಗಂಟೆ. ಬೊಮ್ಮಯ್ಯ ಗೂಡಿನ ಸಣ್ಣ ಬಾಗಿಲು ತೆಗೆದರು. ಶ್ರೀಪಾದ ನುಸುಳಿ ಒಳಗೆ ಹೋದ. ಮರಳು ತೋಡಿದ. ಕರಗಿ ಅಂಟಿದ ವೈರನ್ನು ಉಗುರಿನಿಂದ ಕೆರೆದ. ಗಾಜಿಗೆ ಹಿಡಿದ ಮಸಿಯನ್ನು ಮೆತ್ತನೆ ಬಟ್ಟೆಯಿಂದ ಒರೆಸಿದ. ಅವಸರದಲ್ಲಿ ಜೋರಾಗಿ ತಿಕ್ಕಿದಾಗೆಲ್ಲ ಬೊಮ್ಮಯ್ಯ ಹೊರಗಿನಿಂದ, "ಮೆಲ್ಲಗೆ ಮಾರಾಯ್ರೇ! ಅದೇನು ದೋಸೆ ಕಾವಲಿಯಾ?" ಎನ್ನುತ್ತಿದ್ದರು.

ನಡುವೆ ಅವನು ಎರಡು ಸಲ ತಲೆ ಹೊರಗೆ ಹಾಕಿದ.

"ಅಮ್ಮ, ದೋಣಿಗಳು ಬಂದವಾ?"

"ಒರೆಸು."

"ಅಮ್ಮ, ದೀಪ ಹತ್ತದಿದ್ದರೆ?"

"ಇನ್ನೂ ಮಸಿ ಉಂಟು. ಒರೆಸು."

ಸೂರ್ಯ ನೀರಿಗೆ ತಾಗಿದ. ಮುಳುಗಿದ. ಬೊಮ್ಮಯ್ಯ ಪರದೆಗಳನ್ನೆಲ್ಲ ಸರಿಸಿದರು. ಪೆಟ್ರೋಮ್ಯಾಕ್ಸ್ ಹಚ್ಚಿ, ಕಂಬದ ತುದಿಯಲ್ಲಿ ತಂತಿಯಿಂದ ಬಿಗಿದರು. ಅದರ ಬುಡದಲ್ಲಿ ಶ್ರೀಪಾದ ಮುದುಡಿ ಕೂತ. ಕೂತಲ್ಲಿಂದಲೇ ಕೈ ಚಾಚಿದರೆ ಪಂಪು ಸಿಗುತ್ತಿತ್ತು.

ಮೋಟಾರು ಗುರ್ರೆಂದಿತು. ಗಾಜು ಅವನ ಸುತ್ತ ತಿರುಗತೊಡಗಿತು.

ಒಳಗಿದ್ದವನಿಗೆ ಕಂಡದ್ದು ತಲೆಯ ಮೇಲೆ ಸುಂಯ್ ಎನ್ನುವ ಒಂದು ಸಣ್ಣ ದೀಪ, ಅಷ್ಟೇ. ಅದರ ಬೆಳಕು ಎಲ್ಲಿಗೆ ಹೋಯಿತು, ಎಷ್ಟು ದೂರ ಹೋಯಿತು, ಒಂದೂ ಕಾಣಲಿಲ್ಲ.

"ದೂರ ಹೋಗ್ತಾ ಉಂಟಾ?" ಎಂದು ಕೂಗಿದ.

ಬೊಮ್ಮಯ್ಯ ಹೊರಗಿನ ಕಟಾಂಜನದ ಕಂಬಿ ಹಿಡಿದು ನಿಂತು ಕಡಲು ನೋಡುತ್ತಿದ್ದರು. ಅವರಿಗೆ ಕೇಳಿಸಲಿಲ್ಲ.

"ಅಮ್ಮ, ಬೆಳಕು ಕಾಣ್ತಾ ಉಂಟಾ?"

"ದೀಪ ಸಣ್ಣಗಾಗ್ತಾ ಇದೆ. ಗಾಳಿ ಹಾಕು."

ಹಾಕಿದ. ದೀಪ ಬೆಳ್ಳಗಾಯಿತು.

ಸ್ವಲ್ಪ ಹೊತ್ತಿಗೆ ಬೊಮ್ಮಯ್ಯ ಹೊರಗೆ ಒಂದು ಕೇಕೆ ಹಾಕಿದರು. ಮೊದಲ ದೋಣಿ ಬಂಡೆ ಬಿಟ್ಟು ತಿರುಗಿತ್ತು. ಅದರ ಹಿಂದೆ ಇನ್ನೊಂದು. ಅವರು ಎಣಿಸುತ್ತಾ ಹೋದರು.

ಶ್ರೀಪಾದನಿಗೆ ಅಳು ಬಂತು. ಈ ಸಲ ನಾಚಿಕೆಗೆ ಬಂದದ್ದಲ್ಲ, ಅಬ್ಬ, ಬದುಕಿಕೊಂಡೆ ಅನ್ನಿಸಿ ಬಂದದ್ದು. ಅಮ್ಮ ಸ್ಟೂಲಿನಿಂದ ಎದ್ದು, ಗಾಜಿನ ಹತ್ತಿರ ಬಂದು ನಿಂತಿದ್ದರು.

"ಅಮ್ಮ, ನಾನು ಪೇಟೆಗೆ ಹೋಗುವುದಿಲ್ಲ."

ಅಮ್ಮ ಏನೂ ಅನ್ನಲಿಲ್ಲ.

"ಸೋಮವಾರ ಜೀಪು ಬಂದರೆ ವಾಪಸು ಕಳಿಸ್ತೇನೆ. ಅಪ್ಪಣೆಯನ್ನು ಇನ್ನು ಕೇಳುವುದಿಲ್ಲ. ನನಗೆ ಅರ್ಥ ಆಯ್ತು. ಅವರ ಹೊಗಳಿಕೆ ಉಂಟಲ್ಲ, ಅದೇ ಆ ಬಿಸಿಲು. ನಾನು ಪರದೆ ತೆಗೆದಿಟ್ಟು ಕೂತಿದ್ದೆ."

ಶ್ರೀಪಾದ ಪಂಪಿನಿಂದ ಕೈ ತೆಗೆದ. ಮೊಣಕಾಲ ಮೇಲೆ ಎದ್ದು, ತಿರುಗುವ ಗಾಜಿನ ಸಂದಿಯಲ್ಲಿ ಕಣ್ಣಿಟ್ಟ. ಒಂದು ಸುತ್ತಿಗೆ ಅಮ್ಮನ ಮುಖ ದೊಡ್ಡದಾಗಿ ಕಂಡಿತು, ಇನ್ನೊಂದು ಸುತ್ತಿಗೆ ತಲೆಕೆಳಗಾಗಿ ಕಂಡಿತು. ನಕ್ಕರೋ, ತಲೆದೂಗಿದರೋ, ತಿಳಿಯಲಿಲ್ಲ. ಅವನು ಇನ್ನೂ ಹತ್ತಿರ ಸರಿದ. ತಲೆಯ ಮೇಲೆ ದೀಪ ಕೆಂಪಗಾಗುತ್ತಿತ್ತು.

"ಸರಿಯಾಗಿ ಹೇಳಿದೆನಾ ಅಮ್ಮ?"

"ನನ್ನ ಮುಖ ಯಾಕೆ ನೋಡ್ತೀಯೋ ಶ್ರೀಪಾದ? ನಾನೂ ಗಾಜಿನ ಹೊರಗೇ ನಿಂತಿದ್ದೇನಲ್ಲ."